ಕಲಬುರಗಿ ಸೀಮೆಯ ನಿವೃತ್ತ ಶಿಕ್ಷಕರು ಮತ್ತು ಸಂಘಟನೆ
ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳನ್ನೊಳಗೊಂಡ ಕಲಬುರಗಿ ಸೀಮೆಯು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಅಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದುದರಿಂದ, ಕನ್ನಡ ಶಿಕ್ಷಣವನ್ನು ಹಳ್ಳಿಹಳ್ಳಿಗೆ ಒಯ್ಯುವ ಹೊಣೆ ಅನಂತರದ ತಲೆಮಾರಿನ ಶಿಕ್ಷಕರ ಹೆಗಲೇರಿತು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಹೈದರಾಬಾದ್ ರಾಜ್ಯದ ಸೇವೆಯಿಂದ ಬಂದ ಶಿಕ್ಷಕರ ಸೇವಾಹಿರಿತನ ಹಾಗೂ ವೇತನಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸಬೇಕಾಯಿತು. ಇಂಥ ಶಿಕ್ಷಕರು ನಿವೃತ್ತರಾದ ಮೇಲೆ ಅವಲಂಬಿಸುವ ನಿವೃತ್ತಿವೇತನವು, ಅಂದರೆ ಸಲ್ಲಿಸಿದ ಸೇವೆಗಾಗಿ ನಿವೃತ್ತಿಯ ಬಳಿಕ ದೊರೆಯುವ ಮಾಸಿಕ ಮೊತ್ತವು, ಸರ್ಕಾರದ ಕೃಪೆಯಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರ ನಕಾರಾ ಪ್ರಕರಣದ ತೀರ್ಪಿನಲ್ಲಿ ಸಾರಿದ್ದು ದೇಶದ ನಿವೃತ್ತರ ಸಂಘಗಳಿಗೆ ಭದ್ರ ನೆಲೆಗಟ್ಟಾಯಿತು. ಆದರೆ ತೀರ್ಪು ದೆಹಲಿಯದಾದರೂ, ಶಿಕ್ಷಕರ ನೇಮಕಾತಿ, ಬಡ್ತಿ, ರಜೆಗಳ ದಾಖಲೆಯಾದ ಸೇವಾಪುಸ್ತಕವು ಸಾಮಾನ್ಯವಾಗಿ ತಾಲ್ಲೂಕಿನ ಶಿಕ್ಷಣ ಕಚೇರಿಯಲ್ಲೇ ಇರುವುದರಿಂದ, ಇಂಥ ಸಂಘಗಳ ಬಲವು ಅಂತಿಮವಾಗಿ ವೃದ್ಧ ಶಿಕ್ಷಕರ ಪರವಾಗಿ ಆ ಕಚೇರಿಯ ಮೆಟ್ಟಿಲೇರುವ ಸ್ಥಳೀಯ ಮುಂದಾಳುಗಳನ್ನೇ ಅವಲಂಬಿಸಿದೆ.