ಕಿಡಿಯ ಸುರುಳಿ: ಪ್ಯಾರಿಸ್ಸಿನಿಂದ ಮೈಸೂರಿನವರೆಗೆ

ನಮ್ಮ ಜವಳಗಿರಿಗೂ ಜಾವಾ ಮೋಟಾರು ಸೈಕಲ್ಲಿಗೂ ಹೆಸರಿನಲ್ಲಿ ಕಾಣುವ ಹೋಲಿಕೆ ಬರಿಯ ಆಕಸ್ಮಿಕ. ಪ್ರಾಗ್ ನಗರದ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ವಿನ್ಯಾಸವನ್ನು ಕೊಂಡು, ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ 'ಜಾವಾ' ಎಂದು ಕರೆದನು. ಆ ಹೆಸರು ನಮ್ಮ ನೆರೆಯ ಮೈಸೂರಿಗೆ ಬಂದು ನೆಲಸಿದ್ದಾದರೂ ಆಕಸ್ಮಿಕವಲ್ಲ. ಆ ಕಥೆಯನ್ನು ಹೇಳುವ ಮುನ್ನ, ಬಂಡಿಯ ಹೊಟ್ಟೆಯೊಳಗೆ ಕಿಡಿಯನ್ನು ಹುಟ್ಟಿಸುವ ಸುರುಳಿಯ ವಂಶಾವಳಿಯನ್ನು ನಾವು ಸ್ವಲ್ಪ ನೋಡಬೇಕಾಗಿದೆ. ಮೆಕ್ಯಾನಿಕ್ಕುಗಳು ಅದನ್ನು 'ಕಾಯಿಲ್' ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಲಂಡನ್ನಿನಲ್ಲಿ ಫ್ಯಾರಡೆಯು 1831ರಲ್ಲಿ ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಗಳನ್ನು ಬೇರೆ ಬೇರೆಯಾಗಿ ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಹರಿಸಿದಾಗಲೂ ಕಡಿದಾಗಲೂ ಮತ್ತೊಂದರಲ್ಲಿ ಕ್ಷಣಮಾತ್ರ ವಿದ್ಯುತ್ತು ಕಾಣಿಸಿಕೊಳ್ಳುವುದನ್ನು ಕಂಡನು. ಐದು ವರ್ಷಗಳ ತರುವಾಯ ಐರ್ಲೆಂಡಿನ ಪಾದ್ರಿ ಕ್ಯಾಲನ್, ಮೇನೂತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾತ, ದಪ್ಪ ತಂತಿಯ ಕೆಲವೇ ಸುತ್ತುಗಳ ಜೊತೆಗೆ ಸಣ್ಣ ತಂತಿಯ ಬಹು ಸುತ್ತುಗಳನ್ನಿಟ್ಟು ಪ್ರಬಲವಾದ ಕಿಡಿಯನ್ನು ಪಡೆದನು. ಉಪಾಧ್ಯಾಯರು ಇದನ್ನು ಗಮನಿಸಬೇಕು: ಕಾಯಿಲನ್ನು ಕಂಡುಹಿಡಿದವನು ಒಬ್ಬ ಮೇಷ್ಟ್ರು. ಆದರೆ ಕೀರ್ತಿಯೂ 1864ರಲ್ಲಿ ಐವತ್ತು ಸಾವಿರ ಫ್ರಾಂಕುಗಳ ಬಹುಮಾನವೂ ಸಂದದ್ದು ಪ್ಯಾರಿಸ್ಸಿನ ಕುಶಲಕರ್ಮಿ ರುಮ್‌ಕಾರ್ಫನಿಗೆ. ಲೋಕದಲ್ಲಿ ಹೀಗಾಗುವುದುಂಟು. ರುಮ್‌ಕಾರ್ಫನ ಸುರುಳಿಯನ್ನೇ ಲೆನ್ವಾರ್ ಎಂಬವನು 1860ರಲ್ಲಿ ತನ್ನ ಅನಿಲ ಯಂತ್ರಕ್ಕೆ ಕಿಡಿ ಕೊಡಲು ಬಳಸಿದನು. 1902ರಲ್ಲಿ ಬಾಷ್ ಕಾರ್ಖಾನೆಯ ಮ್ಯಾಗ್ನೆಟೊ ಬಂದು ಬ್ಯಾಟರಿಯ ಹಂಗನ್ನು ಕಳೆಯಿತು. ಅಮೆರಿಕದ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಏರ್ಪಾಡನ್ನು ತಿದ್ದಿ 1910ರ ಕ್ಯಾಡಿಲಾಕ್ ಕಾರಿಗೆ ಒದಗಿಸಿದನು. ಜಾವಾಕ್ಕೆ ಬಂದದ್ದು ಈ ಕೆಟರಿಂಗನ ಏರ್ಪಾಡು.

ಮುಂಬಯಿಯ ಇರಾನಿ ಮನೆತನದವರು ಐಡಿಯಲ್ ಜಾವಾ ಕಂಪನಿಯನ್ನು 1960ರಲ್ಲಿ ಸ್ಥಾಪಿಸಿ, ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರ್ ಅವರೇ ಅದನ್ನು ಉದ್ಘಾಟಿಸಿದರು. 1961ರಿಂದ ಬಂಡಿಗಳು ಹೊರಬಿದ್ದವು. 1973ರಲ್ಲಿ ಹೆಸರು 'ಯೆಜ್ಡಿ' ಆಯಿತು. ಅದು ಇರಾನಿನ ಯಜ್ದ್ ಪಟ್ಟಣದ ನೆನಪು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಂದಿನಿಂದ ಆ ಬಂಡಿಗಳ ಆಯುಷ್ಯವು ಊರೂರಿನ ಮೆಕ್ಯಾನಿಕ್ಕುಗಳ ಕೈಯಲ್ಲಿ ಉಳಿದಿದೆ. ಅವರಲ್ಲಿ ಅನೇಕರು ಕಲಿತದ್ದು ಗುರುವಿನ ಪಕ್ಕದಲ್ಲಿ ಕುಳಿತು, ಪುಸ್ತಕದಿಂದಲ್ಲ. ಹಳಬರು ಕಣ್ಮರೆಯಾದರೆ ವಿದ್ಯೆಯೂ ಅವರೊಂದಿಗೆ ಹೋಗುತ್ತದೆ. ಆದಕಾರಣ ಇಲ್ಲಿ ಸ್ವಲ್ಪ ವಿವರಕ್ಕಿಳಿಯುತ್ತೇವೆ.

ಹಳೆಯ ಜಾವಾದ್ದು 6 ವೋಲ್ಟಿನ ವ್ಯವಸ್ಥೆ. ಬೀಗದ ಕೈ ಇರುವುದು ಮುಂದಿನ ದೀಪದ ಬುರುಡೆಯಲ್ಲಿ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಆ ಬುರುಡೆಯವರೆಗೆ ಹೋಗಿ, ಮರಳಿ ಕಾಯಿಲಿಗೆ ಬಂದು, ಅಲ್ಲಿಂದ ಪಾಯಿಂಟಿನ ಮೂಲಕ ಇಂಜಿನ್ನಿನ ಮೈಯನ್ನು ಸೇರಬೇಕು. ಪಾಯಿಂಟು ಬಿಚ್ಚಿಕೊಂಡ ಕ್ಷಣದಲ್ಲಿ ಕಿಡಿ ಹಾರುತ್ತದೆ. ಕಾಯಿಲಿನ ದಪ್ಪ ಸುತ್ತಿನ ರೋಧ ಒಂದೂವರೆ ಓಮ್ ಎಂದಿಟ್ಟುಕೊಳ್ಳೋಣ. ಆಗ ಹರಿಯುವುದು 4 ಆಂಪಿಯರ್. ಕಿಲುಬು ಹಿಡಿದ ಬೆಸುಗೆಗಳೆಲ್ಲ ಸೇರಿ ಅರ್ಧ ಓಮ್ ಹೆಚ್ಚಿತೆಂದರೆ ಅದು 3ಕ್ಕೆ ಇಳಿಯುತ್ತದೆ. ಸುರುಳಿಯಲ್ಲಿ ಕೂಡಿಡುವ ಶಕ್ತಿಯು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾದ್ದರಿಂದ 16 ಪಾಲಿನಲ್ಲಿ 9 ಪಾಲು ಮಾತ್ರ ಉಳಿಯಿತು. 12 ವೋಲ್ಟಿನ, 4 ಓಮಿನ ಕಾಯಿಲಿನಲ್ಲಿ ಅದೇ ಅರ್ಧ ಓಮ್ ಸೇರಿದರೆ ಐದರಲ್ಲಿ ಒಂದು ಪಾಲು ಮಾತ್ರ ನಷ್ಟ. ಹಳೆಯ ಬಂಡಿಗೆ ತಂತಿಯ ಶುಚಿತ್ವವೇ ಪ್ರಾಣ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಹತ್ತನೆಯ ತರಗತಿಯ ಮಕ್ಕಳಿಂದ ಇದನ್ನು ಹಲಗೆಯ ಮೇಲೆ ಮಾಡಿಸಬಹುದು.

ತಂತಿ ಮೊದಲು ಸೋಲುವುದು ಹ್ಯಾಂಡಲ್ಲಿನ ಕೊರಳಿನಲ್ಲಿ. ತಿರುಗಿಸಿದಾಗಲೆಲ್ಲ ಬಾಗಿ ಬಾಗಿ, ಹೊರಗಿನ ರಬ್ಬರು ನೆಟ್ಟಗಿದ್ದರೂ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಎಡಕ್ಕೆ ತಿರುಗಿದರೆ ಇಂಜಿನ್ ನಿಲ್ಲುತ್ತದೆ, ನೆಟ್ಟಗಾದರೆ ನಡೆಯುತ್ತದೆ ಎಂದಾಗ ಬೇರೆಲ್ಲೂ ಹುಡುಕಬೇಕಾಗಿಲ್ಲ. ತಳಿಯಿಂದ ಜವಳಗಿರಿಗೆ ಬರುವ ಕಾಡಿನ ದಾರಿಯಲ್ಲಿ, ಆನೆಗಳು ಹೊರಡುವ ಮುಸ್ಸಂಜೆಯ ವೇಳೆ, ಈ ರೋಗ ತೋರಿಕೊಂಡರೆ ಅದು ಕೇವಲ ಕುತೂಹಲದ ವಿಷಯವಾಗಿ ಉಳಿಯದು.

ಪರೀಕ್ಷೆಗೆ ಬೇಕಾದುದು 6 ವೋಲ್ಟಿನ ಒಂದು ಸಣ್ಣ ಬಲ್ಬು, ಎರಡು ತುಂಡು ತಂತಿ. ಒಂದು ತಂತಿಯನ್ನು ಇಂಜಿನ್ನಿನ ಮೈಗೆ ತಾಗಿಸಿ, ಕೀಲಿ ತಿರುಗಿಸಿ, ಮತ್ತೊಂದನ್ನು ಕಾಯಿಲಿನ 15 ಎಂಬ ಗುರುತಿನ ತುದಿಗೆ ಮುಟ್ಟಿಸಬೇಕು. ಬಲ್ಬು ಉರಿಯದಿದ್ದರೆ ದೋಷ ಬ್ಯಾಟರಿಗೂ ಕಾಯಿಲಿಗೂ ನಡುವೆ. ಉರಿದರೆ 1 ಎಂಬ ತುದಿಗೆ ಹೋಗಬೇಕು. ಅಲ್ಲಿ ಪಾಯಿಂಟು ತೆರೆದಾಗ ಉರಿದು, ಮುಚ್ಚಿದಾಗ ಆರಬೇಕು. ಮುಚ್ಚಿದಾಗಲೂ ಉರಿಯುತ್ತಿದ್ದರೆ ಪಾಯಿಂಟು ಕೊಳೆಯಾಗಿದೆ, ಅಥವಾ ಅದಕ್ಕೆ ಹೋಗುವ ತಂತಿ ಹರಿದಿದೆ. ತೆರೆದಾಗಲೂ ಉರಿಯದಿದ್ದರೆ ಕಾಯಿಲಿನೊಳಗೆ ತಂತಿ ಕಡಿದಿರಬೇಕು, ಇಲ್ಲವೆ ಕಂಡೆನ್ಸರೋ ಪಾಯಿಂಟಿನ ತಂತಿಯೋ ಮೈಗೆ ತಾಗಿರಬೇಕು. ಇಷ್ಟನ್ನೂ ನೋಡದೆ ಮೊದಲೇ ಹೊಸ ಕಾಯಿಲ್ ಕೊಳ್ಳುವುದು ದುಡ್ಡಿನ ದಂಡ. ಕೀಲಿಯನ್ನು ಹಾಕಿಟ್ಟು ಮರೆಯುವುದಂತೂ ಕೂಡದು. ಪಾಯಿಂಟು ಮುಚ್ಚಿಕೊಂಡಿದ್ದರೆ ಕಾಯಿಲ್ ಕಾದು ಸುಟ್ಟುಹೋಗುತ್ತದೆ. ಪೆಟ್ರೋಲು ಸೋರುತ್ತಿರುವಲ್ಲಿ ಕಿಡಿಯನ್ನು ಪರೀಕ್ಷಿಸಲೂ ಬಾರದು.

ಹೊಸ ತಂತಿ ಹಾಕುವವರು ಹಳೆಯದಕ್ಕಿಂತ ತೆಳುವಾದುದನ್ನು ಆರಿಸಬಾರದು. ಕೊರಳಿನ ಬಳಿ ತುಸು ಸಡಿಲ ಬಿಡಬೇಕು. ಕೂಡುವ ಕಡೆ ಬರಿದೆ ಹೊಸೆದು ಬಟ್ಟೆ ಸುತ್ತದೆ ಬೆಸುಗೆ ಹಾಕಬೇಕು.

ಹೊಸೂರಿನಲ್ಲಿ 1980ರಲ್ಲಿ ಟಿ.ವಿ.ಎಸ್. 50 ಮೊಪೆಡ್ಡು ಹುಟ್ಟಿದ ಮೇಲೆ, ಬ್ಯಾಟರಿಯ ಕಿಡಿಯನ್ನು ನೆಚ್ಚದ ಮ್ಯಾಗ್ನೆಟೊ ಬಂಡಿಗಳು ನಮ್ಮ ಸೀಮೆಯ ಹಳ್ಳಿಗಳಲ್ಲಿ ತುಂಬಿದವು. ಜಾವಾ ಎಂಬ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತು. ಆದರೆ ಆ ಬಂಡಿ ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಅದರಲ್ಲಿ ಪಾಯಿಂಟು ಇಲ್ಲ. ಆ ಕೆಲಸವನ್ನು ಇಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ಮಾಡುತ್ತದೆ. ಕಾಯಿಲ್ ಮಾತ್ರ ಹಾಗೆಯೇ ಇದೆ, ಕ್ಯಾಲನ್ ಸುತ್ತಿದಂತೆ, ದಪ್ಪ ತಂತಿ ಕೆಲವು ಸುತ್ತು, ಸಣ್ಣ ತಂತಿ ಹಲವು ಸುತ್ತು.