ಕಾಲು ಹಾರ್ಮೋನಿಯಂನಿಂದ ಮನೆಯ ಧ್ವನಿಮುದ್ರಣದವರೆಗೆ: ತುಮಕೂರು ಸೀಮೆಯ ನಾದೋಪಕರಣಗಳು

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆದವರು ನಟರನ್ನು, ನಾಟಕಗಳನ್ನು, ರಂಗಸಜ್ಜಿಕೆಯ ವೈಭವವನ್ನು ವಿಸ್ತಾರವಾಗಿ ದಾಖಲಿಸಿದ್ದಾರೆ. ಆ ರಂಗದ ನಾದವನ್ನು ಹೊತ್ತ ಉಪಕರಣಗಳ ಚರಿತ್ರೆಗೆ ಅಷ್ಟು ಗಮನ ಸಂದಿಲ್ಲ. ಯಾವ ಉಪಕರಣ ಯಾರ ಕೈಗೆಟುಕಿತು ಎಂಬುದೇ ಯಾರ ದನಿ ಉಳಿಯಿತು, ಯಾರ ದನಿ ಅಳಿಯಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದೆ. ತುಮಕೂರು, ಗುಬ್ಬಿ, ಕುಣಿಗಲ್ ಪರಿಸರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲಕನಾಗಿ ಸೇರಿದ ಗುಬ್ಬಿ ವೀರಣ್ಣನವರು (1891–1972) 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಸಂಗೀತವೇ ಪ್ರಧಾನವಾಗಿದ್ದ ಅಂದಿನ ಕಂಪನಿ ನಾಟಕಗಳಲ್ಲಿ ಧ್ವನಿವರ್ಧಕದ ನೆರವಿಲ್ಲದೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹಾಡಬಲ್ಲವನೇ ನಟನೆನಿಸಿಕೊಳ್ಳುತ್ತಿದ್ದನು. ಈ ಕಂಠಕ್ಕೆ ಆಸರೆಯಾಗಿ ನಿಂತದ್ದು ಹಾರ್ಮೋನಿಯಂ. ಪ್ಯಾರಿಸ್ಸಿನ ಅಲೆಕ್ಸಾಂದ್ರ ದಬೈನ್ 1842ರಲ್ಲಿ ಹಕ್ಕುಸ್ವಾಮ್ಯ ಪಡೆದ ಈ ವಾದ್ಯ ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯ ರೂಪ ತಾಳಿತು. ಆದರೆ ನಾಟಕ ಕಂಪನಿಗಳು ಹೆಚ್ಚಾಗಿ ಮೆಚ್ಚಿದ್ದು ಕಾಲು ಹಾರ್ಮೋನಿಯಮ್ಮನ್ನು. ತಿದಿಯನ್ನು ಕಾಲಿನಿಂದ ಒತ್ತುವುದರಿಂದ ವಾದಕನ ಎರಡೂ ಕೈಗಳು ಮನೆಗಳ ಮೇಲೆ ಓಡಾಡಲು ಬಿಡುವಾಗುತ್ತಿದ್ದವು, ನಾದವೂ ದೊಡ್ಡದಾಗಿರುತ್ತಿತ್ತು. ಶ್ರುತಿ, ಮಟ್ಟು, ಹಿನ್ನೆಲೆ ಮೂರನ್ನೂ ಒಂದೇ ವಾದ್ಯದಿಂದ, ಒಬ್ಬನೇ ವಾದಕನಿಂದ ಪಡೆಯಬಹುದಾಗಿತ್ತು. ಊರೂರು ತಿರುಗುವ ಕಂಪನಿಗೆ ಇದು ದೊಡ್ಡ ಮಿತವ್ಯಯವಾಗಿತ್ತು.

ಈ ಮಿತವ್ಯಯಕ್ಕೆ ಬೆಲೆ ತೆರಬೇಕಾಗಿ ಬಂದುದೂ ಉಂಟು. ಹಾರ್ಮೋನಿಯಂ ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ಥಿರ ಸ್ವರಗಳನ್ನಷ್ಟೇ ನುಡಿಯಬಲ್ಲದು. ಗಮಕದ ಜಾರು, ಕಂಪನಗಳು ಅದಕ್ಕೆ ನಿಲುಕವು. ಈ ಆಕ್ಷೇಪದ ಹಿನ್ನೆಲೆಯಲ್ಲಿಯೇ ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್ 1ರಿಂದ ಅದನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. ನಿಷೇಧ ಭಾಗಶಃ ಸಡಿಲಗೊಂಡದ್ದು 1971ರಲ್ಲಿ. ಹೀಗೆ ಮೂರು ದಶಕಗಳ ಕಾಲ ಬಾನುಲಿಯಿಂದ ದೂರವಿದ್ದ ವಾದ್ಯವೇ ಹಳ್ಳಿಯ ಪೌರಾಣಿಕ ನಾಟಕದ ಉಸಿರಾಗಿತ್ತೆಂಬುದು ಗಮನಾರ್ಹ. ಕಂದ, ವೃತ್ತ, ರಂಗಗೀತೆಗಳನ್ನು ರೈತರಿಗೂ ಕುಶಲಕರ್ಮಿಗಳಿಗೂ ಕಲಿಸಿ ಬಣ್ಣ ಹಚ್ಚಿಸಿದವರು ಹಾರ್ಮೋನಿಯಂ ಮೇಷ್ಟ್ರುಗಳು. 'ಕುರುಕ್ಷೇತ್ರ'ದಂತಹ ನಾಟಕವನ್ನು ಇರುಳಿಡೀ ಆಡುವ ಪರಂಪರೆ ಈ ಜಿಲ್ಲೆಯಲ್ಲಿ ಇಂದಿಗೂ ಜೀವಂತವಾಗಿರುವುದು ಅವರ ಪರಿಶ್ರಮದಿಂದ.

ಧ್ವನಿಮುದ್ರಣದ ಚರಿತ್ರೆ ಬೇರೆ ದಾರಿ ಹಿಡಿಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನರ ಕಂಠ ಮುದ್ರಣಗೊಂಡ ಮೇಲೆ ಗ್ರಾಮಫೋನು ದೇಶವನ್ನೆಲ್ಲ ವ್ಯಾಪಿಸಿತು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಎಂಟು ಗಂಟೆಯ ನಾಟಕವೊಂದನ್ನು ಪೂರ್ಣವಾಗಿ ಮುದ್ರಿಸಬೇಕೆಂದರೆ 160 ಮಗ್ಗುಲುಗಳು, ಅಂದರೆ 80 ತಟ್ಟೆಗಳು ಬೇಕಾಗುತ್ತಿದ್ದವು. ಆದ್ದರಿಂದ ಜನಪ್ರಿಯ ಹಾಡುಗಳ ತುಣುಕುಗಳು ಮಾತ್ರ ಉಳಿಯಲು ಸಾಧ್ಯವಿತ್ತು. ಮಾತಿನಿಂದ ಹಾಡಿಗೆ ಹೊರಳುವ ನಟನ ವಿಧಾನ, 'ಒನ್ಸ್ ಮೋರ್' ಕೂಗಿಗೆ ಆತ ಮಾಡುತ್ತಿದ್ದ ವಿಸ್ತಾರ ಇವು ತಟ್ಟೆಯ ಅಳತೆಗೆ ಒಗ್ಗುವಂತಿರಲಿಲ್ಲ. 1935ರಲ್ಲಿ ವೀರಣ್ಣನವರು ಅಭಿನಯಿಸಿದ 'ಸದಾರಮೆ' ವಾಕ್ಚಿತ್ರವಾಗಿ ತೆರೆಗೆ ಬಂದಿತಾದರೂ, ಅಂತಹ ಅವಕಾಶ ಹಳ್ಳಿಯ ಮೇಷ್ಟ್ರಿಗೆ ದಕ್ಕುವಂತಹುದಾಗಿರಲಿಲ್ಲ.

ನಾದತಂತ್ರವನ್ನು ಮನೆಯೊಳಗೆ ತಂದ ಕನ್ನಡದ ಮೊದಲ ದೊಡ್ಡ ಪ್ರಯತ್ನವೂ ಅದೇ ವರ್ಷದ್ದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 30 ವಾಟ್ ಸಾಮರ್ಥ್ಯದ ಪ್ರೇಷಕದ ನೆರವಿನಿಂದ ಪ್ರಸಾರವನ್ನಾರಂಭಿಸಿದರು. ಉದ್ದೇಶ ಸ್ಪಷ್ಟವಾಗಿದ್ದಲ್ಲಿ ಸಣ್ಣ ಉಪಕರಣವೂ ದೊಡ್ಡ ಕಾರ್ಯಕ್ಕೆ ಸಾಲುತ್ತದೆಂಬುದಕ್ಕೆ ಈ ಪ್ರಸಂಗ ನಿದರ್ಶನ.

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು ಪರಿಸ್ಥಿತಿಯನ್ನು ಬದಲಿಸಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಹಾಡಿದ 'ನಿತ್ಯೋತ್ಸವ' ಭಾವಗೀತೆಯನ್ನು ಮನೆಮನೆಗೆ ತಲುಪಿಸಿತು. 'ಮೂಡಲ್ ಕುಣಿಗಲ್ ಕೆರೆ' ಎಂಬ ಜನಪದ ಗೀತೆಯೂ ಮುದ್ರಿತ ರೂಪದಲ್ಲಿ ನಾಡಿನಾದ್ಯಂತ ಪ್ರಚಾರ ಪಡೆಯಿತು. ಆದರೆ ಒಳ್ಳೆಯ ಮುದ್ರಣಶಾಲೆಗಳು ನಗರಗಳಲ್ಲಿಯೇ ಇದ್ದವು. ಕನ್ನಡ ಚಿತ್ರಗೀತೆಗಳಿಗೆ ಬಹುಕಾಲ ಮದರಾಸೇ ಗತಿಯಾಗಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಅವರು ಬೆಂಗಳೂರಿನಲ್ಲಿ 'ಸಂಕೇತ್' ಮುದ್ರಣಶಾಲೆಯನ್ನು ಕಟ್ಟಿದ್ದು ಈ ಕೊರತೆಯನ್ನು ನೀಗಿಸುವುದಕ್ಕಾಗಿಯೇ. ಕುಣಿಗಲಿನ ಕೆರೆಯ ಹಾಡು ಕುಣಿಗಲಿಗೆ ಮರಳಿದ್ದು ಹೊರಗಿನ ವಾದ್ಯಮೇಳದ ಒಡವೆ ತೊಟ್ಟು.

ಈ ದೂರವನ್ನು ಅಳಿಸುವ ಸಾಧ್ಯತೆ ತೆರೆದದ್ದು ಮನೆಯ ಮುದ್ರಣ. 1979ರಲ್ಲಿ ಟ್ಯಾಸ್ಕಾಮ್ ಸಂಸ್ಥೆಯ ಪೋರ್ಟಾಸ್ಟುಡಿಯೋ ಸಾಮಾನ್ಯ ಕ್ಯಾಸೆಟ್ಟಿನಲ್ಲಿಯೇ ನಾಲ್ಕು ಜಾಡುಗಳನ್ನು ಮುದ್ರಿಸುವ ಅನುಕೂಲ ಒದಗಿಸಿತು. 2000ದಲ್ಲಿ ಬಂದ ಅಡಾಸಿಟಿ ಎಂಬ ಉಚಿತ ತಂತ್ರಾಂಶ, ಅನಂತರ ಮೈಕನ್ನು ಗಣಕಯಂತ್ರಕ್ಕೆ ಜೋಡಿಸುವ ಚಿಕ್ಕ ಇಂಟರ್‌ಫೇಸ್‌ಗಳು ಈ ಕಾರ್ಯವನ್ನು ಇನ್ನಷ್ಟು ಸುಲಭಗೊಳಿಸಿದವು.

ಕೈಗೆಟುಕುವ ಉಪಕರಣದ ಆಯ್ಕೆಯಲ್ಲಿ ಹಿಂದಿನ ಚರಿತ್ರೆಯೇ ಮಾರ್ಗದರ್ಶಿ. ಕಂಪನಿಗಳು ಹಾರ್ಮೋನಿಯಂ ಆಯ್ದುಕೊಂಡದ್ದು ಸನ್ನಿವೇಶಕ್ಕೆ ಒಗ್ಗಿದ್ದರಿಂದಲೇ ಹೊರತು ಬರಿಯ ಅಗ್ಗದಿಂದಲ್ಲ. ಕಂಡೆನ್ಸರ್ ಮೈಕು ಸೂಕ್ಷ್ಮಗ್ರಾಹಿ; ಸಾಮಾನ್ಯವಾಗಿ ಅದಕ್ಕೆ ಇಂಟರ್‌ಫೇಸ್‌ನಿಂದ 48 ವೋಲ್ಟ್ ವಿದ್ಯುತ್ತು ಬೇಕು. ಕಂಠದೊಡನೆ ಕೋಣೆಯ ಮಾರ್ದನಿಯನ್ನೂ ಬೀದಿಯ ಸದ್ದನ್ನೂ ಅದು ಹಿಡಿಯುತ್ತದೆ. ಡೈನಮಿಕ್ ಮೈಕಿಗೆ ಆ ವಿದ್ಯುತ್ತಿನ ಅಗತ್ಯವಿಲ್ಲ. ಬಾಯಿಗೆ ಹತ್ತಿರವಿಟ್ಟಾಗ ಸುತ್ತಲಿನ ಗದ್ದಲ ಹಿಂದೆ ಸರಿಯುತ್ತದೆ. ಬಸ್ಸು ಲಾರಿಗಳ ಸದ್ದಿನ ತುಮಕೂರಿನ ಮನೆಯೊಂದರಲ್ಲಿ ಎರಡನೆಯದೇ ಹಲವು ವೇಳೆ ವಿವೇಕದ ಆಯ್ಕೆ. ಉಳಿದ ಹಣವನ್ನು ಎರಡು ಮೈಕುಗಳನ್ನು ಸೇರಿಸಬಲ್ಲ ಇಂಟರ್‌ಫೇಸ್ ಮತ್ತು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ವಿನಿಯೋಗಿಸುವುದು ಲೇಸು. ದುಬಾರಿ ಸ್ಪೀಕರುಗಳು ಆಮೇಲಿನ ಮಾತು. ಗೋಡೆಗೆ ಇಳಿಬಿಟ್ಟ ಕಂಬಳಿ, ನೆಲಕ್ಕೆ ಹಾಸಿದ ಜಮಖಾನಗಳು ಕಂಠದ ಮಾರ್ದನಿಯನ್ನು ಗಣನೀಯವಾಗಿ ತಗ್ಗಿಸುತ್ತವೆ. ಹೊರಗಿನ ಸದ್ದನ್ನು ಮಾತ್ರ ಅವು ತಡೆಯಲಾರವು.

ಒಂದೇ ಮೈಕು ಇದ್ದರೂ ಕಾರ್ಯ ನಿಲ್ಲಬೇಕಿಲ್ಲ. ವಿದ್ಯುತ್ ಮುದ್ರಣಕ್ಕೆ ಮುಂಚೆ, ಅಂದರೆ 1925ಕ್ಕೆ ಮೊದಲು, ಗಾಯಕರು ಕಹಳೆಯ ಬಾಯಿಗೆ ಹತ್ತಿರವೂ ಪಕ್ಕವಾದ್ಯದವರು ದೂರವೂ ಕುಳಿತು ನಾದದ ತೂಕವನ್ನು ಹೊಂದಿಸುತ್ತಿದ್ದರು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ನಾದದ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಇಳಿಕೆ ಅದಕ್ಕಿಂತ ಕಡಿಮೆ. ಹಾರ್ಮೋನಿಯಮ್ಮನ್ನು ಹಿಂದಕ್ಕೆ ಸರಿಸಿ ಹಾಡುವವರನ್ನು ಮುಂದೆ ಕೂರಿಸುವ ಆ ಹಳೆಯ ಕ್ರಮ ಇಂದಿಗೂ ಫಲಕಾರಿ.

ಇನ್ನು ಸಂಗ್ರಹದ ವಿಚಾರ. 24 ಬಿಟ್, 48,000 ಮಾದರಿಯ ಒಂದೇ ಜಾಡಿನ ವೇವ್ ಕಡತಕ್ಕೆ ಗಂಟೆಗೆ ಸುಮಾರು 518 ಮೆಗಾಬೈಟ್ ಸ್ಥಳ ಸಾಕು. ಅಂದಿಗೆ 80 ತಟ್ಟೆಗಳನ್ನು ಬೇಡುತ್ತಿದ್ದ ಎಂಟು ಗಂಟೆಯ ನಾಟಕ ಇಂದು ಸುಮಾರು 4.1 ಗಿಗಾಬೈಟ್‌ನಲ್ಲಿ ಅಡಗುತ್ತದೆ. ಎಂಪಿ3 ರೂಪಕ್ಕೆ ಕುಗ್ಗಿಸಿ ಮೂಲವನ್ನು ಅಳಿಸುವುದು, ಇರುವ ಒಂದೇ ಪ್ರತಿಯನ್ನು ಮೊಬೈಲಿನಲ್ಲಿಟ್ಟುಕೊಳ್ಳುವುದು ಇವು ಉಳಿದ ದನಿಯನ್ನು ಮತ್ತೆ ಕಳೆದುಕೊಳ್ಳುವ ದಾರಿಗಳು. ಎರಡು ಸ್ಥಳಗಳಲ್ಲಿ ಎರಡು ಪ್ರತಿಗಳು, ಹಾಡಿದವರ ಹೆಸರು, ಊರು, ದಿನಾಂಕ, ನಾಟಕದ ಹೆಸರು ಇಷ್ಟನ್ನು ಜೊತೆಗಿಡುವುದಕ್ಕೆ ಹೆಚ್ಚಿನ ವೆಚ್ಚವೂ ತಗಲದು.

ಉಪಕರಣದ ಕೊರತೆಯಿಂದ ಹಿಂದೆ ಕಳೆದುಹೋದದ್ದಕ್ಕೆ ಪರಿಹಾರವಿಲ್ಲ. ಇಂದು ಹಳೆಯ ಮಟ್ಟುಗಳನ್ನು ಬಲ್ಲ ಮೇಷ್ಟ್ರುಗಳ ಸಂಖ್ಯೆ ಇಳಿಮುಖವಾಗಿದೆ. ಕಾಲು ಹಾರ್ಮೋನಿಯಮ್ಮಿನ ಸ್ಥಾನಕ್ಕೆ ಹಲವೆಡೆ ಕೀಬೋರ್ಡು ಬಂದಿದೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂತಹ ರಂಗಮಂದಿರಗಳು ಪ್ರದರ್ಶನಕ್ಕೆ ನೆಲೆಯೊದಗಿಸಿವೆ. ಪ್ರದರ್ಶನ ಮುಗಿದ ಮೇಲೆ ಉಳಿಯಬೇಕಾದ ದನಿಗೆ ಮಾತ್ರ ಮನೆಯ ಒಂದು ಕೋಣೆ, ಒಂದು ಮೈಕು, ಒಂದು ಗಣಕಯಂತ್ರ ಸಾಕು. ಸಲಕರಣೆ ಕೈಗೆಟುಕುವಂತಾದ ಈ ಕಾಲದಲ್ಲಿಯೂ ಆ ಕಂಠಗಳು ದಾಖಲಾಗದೆ ಹೋದರೆ ಹೊಣೆಯನ್ನು ಉಪಕರಣದ ಬೆಲೆಯ ಮೇಲೆ ಹೊರಿಸಲು ಬರುವುದಿಲ್ಲ.