ನ್ಯಾಯಯುತ ವ್ಯಾಪಾರ: ಹಾಪ್‌ಕಾಮ್ಸ್ ಮತ್ತು ಆನೇಕಲ್ ಸೀಮೆಯ ಬೆಳೆಗಾರರು

ಬೆಳೆದವರಿಗೆ ಮೋಸವಿಲ್ಲದ ತೂಕ, ಸಲ್ಲಬೇಕಾದ ಬೆಲೆ ದೊರೆಯುವಂತೆ ಸರಕನ್ನು ಕೊಂಡು ಮಾರುವ ಪದ್ಧತಿಗೆ ನ್ಯಾಯಯುತ ವ್ಯಾಪಾರ ಎನ್ನುತ್ತಾರೆ. 1988ರಲ್ಲಿ ಮೆಕ್ಸಿಕೊದ ಸಣ್ಣ ಬೆಳೆಗಾರರ ಕಾಫಿ ನೆದರ್ಲೆಂಡ್ಸ್‌ನ ಅಂಗಡಿಗಳಿಗೆ ‘ಮ್ಯಾಕ್ಸ್ ಹ್ಯಾವೆಲಾರ್’ ಮುದ್ರೆ ಹೊತ್ತು ಬಂದ ಮೇಲೆ ಇದು ಜಗತ್ತಿಗೆ ಪರಿಚಿತವಾಯಿತು. ಬೆಂಗಳೂರಿನ ಸುತ್ತಲಿನ ರೈತರಿಗಾಗಿ ಅದೇ ಕಾಳಜಿ ಸುಮಾರು ಮೂರು ದಶಕ ಮೊದಲೇ, ಯಾವ ಮುದ್ರೆಯೂ ಇಲ್ಲದೆ, ಸಹಕಾರ ಸಂಘದ ರೂಪ ತಾಳಿತ್ತು.

ಆ ಸಂಘವೇ ಇಂದಿನ ಹಾಪ್‌ಕಾಮ್ಸ್. ತೋಟಗಾರಿಕಾ ತಜ್ಞ ಡಾ. ಎಂ.ಎಚ್. ಮರಿಗೌಡರ (1916–1992) ಮುಂದಾಳತ್ವದಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿತು. ದ್ರಾಕ್ಷಿ ಕೊಯ್ದ ಮೇಲೆ ಕಾಯುವಂತಿಲ್ಲ. ಮಂಡಿಗೆ ತಂದವನು ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟೇ ಹೋಗಬೇಕಿತ್ತು. ಬೆಳೆ ಹೆಚ್ಚಿಸುವುದಷ್ಟೇ ಸಾಲದು, ಮಾರಾಟವೂ ಬೆಳೆಗಾರರ ಕೈಯಲ್ಲಿರಬೇಕು ಎಂಬ ಮರಿಗೌಡರ ನಿಲುವು ಆ ಕಾಲಕ್ಕೆ ದೊಡ್ಡ ದೂರದೃಷ್ಟಿ. ಮುಂದೆ ಇತರ ಹಣ್ಣು, ತರಕಾರಿಗಳೂ ಸಂಘದ ವ್ಯಾಪ್ತಿಗೆ ಬಂದವು. ನಗರದ ಬಡಾವಣೆಗಳಲ್ಲಿ ಹಸಿರು ಮಳಿಗೆಗಳು ತಲೆಯೆತ್ತಿದವು. ಆಸ್ಪತ್ರೆ, ಹಾಸ್ಟೆಲ್, ಕಾರ್ಖಾನೆಗಳ ಅಡುಗೆಮನೆಗಳಿಗೂ ಸರಬರಾಜು ನಡೆಯಿತು.

ಸಗಟು ಮಾರುಕಟ್ಟೆಯ ಧಾರಣೆ ನೋಡಿ ಸಂಘ ಪ್ರತಿದಿನ ಖರೀದಿ ದರ ನಿಗದಿ ಮಾಡುತ್ತದೆ. ಸದಸ್ಯ ರೈತ ತಂದ ಸರಕನ್ನು ದರ್ಜೆ ನೋಡಿ, ಅವನ ಕಣ್ಣೆದುರೇ ತೂಗಿ ಕೊಳ್ಳುತ್ತದೆ, ಕಮಿಷನ್ ಮುರಿದುಕೊಳ್ಳುವುದಿಲ್ಲ. ಇದು ಎಷ್ಟು ದೊಡ್ಡ ಉಪಕಾರವೆಂದು ತಿಳಿಯಲು ಮಂಡಿಯ ‘ಬಿಳಿ ಚೀಟಿ’ಯನ್ನು ನೋಡಬೇಕು. ಕರ್ನಾಟಕದ 1966ರ ಕೃಷಿ ಮಾರುಕಟ್ಟೆ ಕಾಯ್ದೆಯಡಿ ಕಮಿಷನ್ ಕೊಡಬೇಕಾದವನು ಕೊಳ್ಳುವವನು. ಆದರೂ ಅಧಿಕೃತ ರಸೀದಿಯ ಬದಲು ಬಿಳಿ ಹಾಳೆಯಲ್ಲಿ ಲೆಕ್ಕ ಬರೆದು ರೈತನ ದುಡ್ಡಿನಲ್ಲೇ ಕಡಿತ ಮಾಡುವ ಚಾಳಿ ನಿಂತಿಲ್ಲ. ಬಿತ್ತನೆಗೆ ದಲ್ಲಾಳಿಯಿಂದಲೇ ಮುಂಗಡ ಪಡೆದವನು ಅದನ್ನು ಪ್ರಶ್ನಿಸುವುದಾದರೂ ಹೇಗೆ?

ಆನೇಕಲ್ ತಾಲ್ಲೂಕಿನಲ್ಲಿ, ಹೊಸೂರು ರಸ್ತೆಯ ಚಂದಾಪುರದ ಆಸುಪಾಸಿನಲ್ಲಿ ಈ ಪ್ರಶ್ನೆ ಇಂದಿಗೂ ಜೀವಂತ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕೈಗಾರಿಕಾ ಪ್ರದೇಶಗಳು. ನಡುವೆ ಉಳಿದ ಹೊಲಗಳಲ್ಲಿ ರಾಗಿ, ತರಕಾರಿ, ಗುಲಾಬಿ. ತಾಲ್ಲೂಕಿನ ಸಿಂಗೇನ ಅಗ್ರಹಾರದಲ್ಲಿ ದೊಡ್ಡ ಹಣ್ಣಿನ ಮಾರುಕಟ್ಟೆಯಿದೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ತರಕಾರಿ ವ್ಯಾಪಾರವನ್ನೂ ಅಲ್ಲಿಗೇ ಸಾಗಿಸಲಾಯಿತು. ಮಂಡಿ ಹತ್ತಿರ ಬಂದರೆ ಸಾಗಣೆಯ ಬಾಡಿಗೆ ಉಳಿಯುತ್ತದೆ, ನಿಜ. ತಕ್ಕಡಿ ಯಾರ ಕೈಯಲ್ಲಿದೆ ಎಂಬುದು ಅದರಿಂದ ಬದಲಾಗುವುದಿಲ್ಲ.

ಹಾಪ್‌ಕಾಮ್ಸ್‌ನ ಮಿತಿಗಳನ್ನೂ ಹೇಳಲೇಬೇಕು. ಮಳಿಗೆಗಳಲ್ಲಿ ಖರ್ಚಾಗುವಷ್ಟನ್ನೇ ಅದು ಕೊಳ್ಳಬಲ್ಲದು. ಮಿಕ್ಕ ಮೂಟೆಗಳು ಮಂಡಿಗೇ ಹೋಗಬೇಕು. ಸೂಪರ್ ಮಾರ್ಕೆಟ್‌ಗಳೂ ಮೊಬೈಲ್ ಆ್ಯಪ್‌ಗಳೂ ಬಂದ ಮೇಲೆ ಗಿರಾಕಿಗಳು ಹಂಚಿಹೋಗಿದ್ದಾರೆ. ಹಸಿರು ಮಳಿಗೆಯಲ್ಲಿ ಕೊಳ್ಳುವವರು ಕಡಿಮೆಯಾದಷ್ಟೂ ರೈತನಿಂದ ಕೊಳ್ಳುವ ಪ್ರಮಾಣವೂ ಕುಗ್ಗುತ್ತದೆ. ನ್ಯಾಯಯುತ ವ್ಯಾಪಾರದ ಕಾಫಿ ಬೆಳೆಗಾರರಿಗೂ ಇದೇ ತೊಡಕು: ಫಸಲಿನ ಒಂದು ಪಾಲಷ್ಟೇ ಮುದ್ರೆಯಡಿ ಮಾರಾಟವಾಗುತ್ತದೆ.

ಇನ್ನೊಂದು ಕೊರತೆ ಹೆಚ್ಚು ಆಳವಾದದ್ದು. ಹಾಪ್‌ಕಾಮ್ಸ್ ದರ ಸಗಟು ಧಾರಣೆಯನ್ನೇ ನೆಚ್ಚಿರುವುದರಿಂದ ಟೊಮೆಟೊ ಬೆಲೆ ನೆಲಕಚ್ಚಿದ ದಿನ ಅದೂ ಇಳಿಯುತ್ತದೆ. ನ್ಯಾಯಯುತ ವ್ಯಾಪಾರದ ಮುದ್ರೆ ಕಾಫಿಗೆ ಕನಿಷ್ಠ ಬೆಲೆ ಕಟ್ಟಿದೆ. 2023ರಲ್ಲಿ ತೊಳೆದ ಅರೇಬಿಕಾ ಕಾಫಿಗೆ ಅದನ್ನು ಪೌಂಡಿಗೆ 1.80 ಡಾಲರಿಗೆ ಏರಿಸಿತು. ನೆರೆಯ ಕೇರಳ 2020ರ ನವೆಂಬರ್ 1ರಿಂದ 16 ಬಗೆಯ ಹಣ್ಣು, ತರಕಾರಿಗಳಿಗೆ ಉತ್ಪಾದನಾ ವೆಚ್ಚಕ್ಕಿಂತ ಶೇ 20ರಷ್ಟು ಹೆಚ್ಚಿನ ತಳದರ ಘೋಷಿಸಿತು. ಹಾಪ್‌ಕಾಮ್ಸ್ ದರಪಟ್ಟಿಗೆ ಬೇಕಿರುವುದು ಅಂಥ ತಳದರವೇ.